ಸಾಟಿಗೆ ಹೋದ ಗಂಡ

ಮೊನ್ನೆ ನಮ್ಮ ಓಣಿಗೆ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದಿದ್ದಳು. ನಾನು ಎರಡು ಸೀರೆ, ಒಂದು ಪ್ಯಾಂಟು, ಜೊತೆಗೆ ನಮ್ಮ ಮನೆಯವರ ಕಬಡ್ಡಿ ಬನಿಯನ್ ತಂದು ಅವಳ ಮುಂದೆ ಹಾಕಿದೆ. ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಪ್ಯಾಂಟಿನ ಜಿಪ್ ಎಳೆದು ನೋಡಿದಳು. ಬನಿಯನ್ ಮಾತ್ರ ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟಳು.

“ಇದು ಬ್ಯಾಡ್ರಿ ಅಕ್ಕಾರ. ಎದಿ ತುಂಬ ಹೊಲಿಗಿ ಬಿಚ್ಚಿದ ತೂತ ಅದಾವ. ಯಾರಿಗೆ ಕೊಡ್ಲಿ ನಾ ಇದನ್ನ?”

ನಾನು ಹೊಲಿಗೆಯವಳು. ಆಲಮೇಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಗಡಿ ಇದೆ. ನನ್ನ ಕೆಲಸಕ್ಕೆ ಹೆಸರಿಡುವವರನ್ನು ನಾನು ಸುಲಭಕ್ಕೆ ಬಿಡುವುದಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಬನಿಯನ್ನಿನ ಎದೆಯ ಮೇಲೆ ಮೊದಲು ‘ಆಲಮೇಲ’ ಎಂದಿತ್ತು. ಅದನ್ನು ಬಿಚ್ಚಿ ‘ದೇವಣಗಾಂವ’ ಎಂದು ಹೊಲಿದವಳು ನಾನೇ. ಆಮೇಲೆ ಅದನ್ನೂ ಬಿಚ್ಚಿದೆ. ಒಂದೇ ಎದೆಯ ಮೇಲೆ ಎರಡು ಊರು ಬಂದು ಹೋದರೆ ಬಟ್ಟೆ ತಾನೇ ಎಷ್ಟು ತಾಳೀತು. ಕೊನೆಗೆ ಅವಳು ಸೀರೆಗೂ ಪ್ಯಾಂಟಿಗೂ ಸೇರಿಸಿ ಒಂದು ಡಬ್ಬಿ ಕೊಟ್ಟು ಹೋದಳು. ಅದರ ಮುಚ್ಚಳ ಇನ್ಯಾವುದೋ ಡಬ್ಬಿಯದು ಎಂದು ಗೊತ್ತಾದದ್ದು ಅವಳು ಓಣಿ ದಾಟಿದ ಮೇಲೆ.

ಈ ಕೊಟ್ಟು ಕೊಳ್ಳುವ ವ್ಯವಹಾರ ನನಗೆ ಚಿಕ್ಕಂದಿನಿಂದಲೂ ಒಗ್ಗಿದ್ದಲ್ಲ. ನನ್ನ ತವರು ದೇವಣಗಾಂವ. ನಾವು ಚಿಕ್ಕವರಿದ್ದಾಗ ಬಾರಿಹಣ್ಣಿನ ಬುಟ್ಟಿ ಹೊತ್ತು ಒಬ್ಬ ಮುದುಕಿ ಬರುತ್ತಿದ್ದಳು. ಜೋಳ ಕೊಟ್ಟರೆ ಹಣ್ಣು. ನಾನು ಲಂಗದ ತುಂಬ ಜೋಳ ಒಯ್ದು ಸುರಿದು, ಬೊಗಸೆಯಷ್ಟು ಹಣ್ಣು ತರುತ್ತಿದ್ದೆ. ಅದರಲ್ಲಿ ಅರ್ಧ ಹುಳುಕು. ಅವ್ವ ಒಂದೊಂದೇ ಹಣ್ಣು ಒಡೆದು ನನ್ನ ಕಣ್ಣೆದುರು ಹಿಡಿದು, “ಜ್ವಾಳ ಕೊಟ್ಟ ಹುಳ ತಂದಿ ನೋಡು” ಎನ್ನುತ್ತಿದ್ದಳು. ನಮ್ಮಣ್ಣ ಮಲಕಣ್ಣ ಅದೇ ಮುದುಕಿಯ ಹತ್ತಿರ ಹೋಗಿ, ಆಯಿ ನಿನ್ನ ಮೂಗುತಿ ಭಾಳ ಛಂದ ಐತಿ ಎಂದು ಹೇಳಿ, ಒಂದು ಮುಷ್ಟಿ ಜೋಳಕ್ಕೆ ಅಂಗಿಯ ಎರಡೂ ಕಿಸೆ ತುಂಬಿಸಿಕೊಂಡು ಬರುತ್ತಿದ್ದ. ಅವನು ದೊಡ್ಡ ವ್ಯಾಪಾರಿಯಾಗುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಒಕ್ಕಲುತನಕ್ಕೆ ನಿಂತ, ಜೊತೆಗೆ ಊರಿನ ಕಬಡ್ಡಿ ತಂಡವನ್ನು ನೋಡಿಕೊಳ್ಳುವ ಹಿರಿಯನಾದ. ಅವನ ಜೀವಮಾನದ ದೊಡ್ಡ ವ್ಯಾಪಾರ ನನ್ನ ಗಂಡ.

ಸಾಟಿ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎರಡು ಮನೆಗಳು ಪರಸ್ಪರ ಹೆಣ್ಣು ಕೊಟ್ಟು ಹೆಣ್ಣು ತಂದರೆ ಅದು ಸಾಟಿ ಸಂಬಂಧ. ನಿಮ್ಮ ಮಗಳು ನಮ್ಮ ಮನೆಗೆ, ನಮ್ಮ ಮಗಳು ನಿಮ್ಮ ಮನೆಗೆ. ಅಲ್ಲಿ ಒಬ್ಬಳು ಅತ್ತರೆ ಇಲ್ಲಿ ಇನ್ನೊಬ್ಬಳನ್ನು ಅಳಿಸುತ್ತಾರೆ, ಹಾಗಾಗಿ ಎರಡೂ ಮನೆಯವರು ಹುಷಾರಾಗಿರುತ್ತಾರೆ. ಸಾಟಿ ಎಂದರೆ ಸಮ ಎಂಬ ಅರ್ಥವೂ ಇದೆಯಲ್ಲ, ಜಗಳ ಹುಟ್ಟುವುದು ಅಲ್ಲಿಯೇ. ಕೊಟ್ಟದ್ದೂ ತಂದದ್ದೂ ಸಮ ಎಂದು ಯಾವ ಮನೆಯವರೂ ಒಪ್ಪಿದ್ದನ್ನು ನಾನು ನೋಡಿಲ್ಲ.

ಕಬಡ್ಡಿಗೆ ಈ ಪದ್ಧತಿ ಬಂದದ್ದು ಸಿಂದಗಿಯಲ್ಲಿ ನಡೆಯುವ ಪಂದ್ಯಾವಳಿಯಿಂದ. ಮೊದಲು ಒಂದೊಂದು ಊರಿನವರು ಎಲ್ಲೆಲ್ಲಿಂದಲೋ ದುಡ್ಡು ಕೊಟ್ಟು ಪೈಲ್ವಾನರನ್ನು ಕರೆತಂದು, ಇವ ನಮ್ಮ ಕಾಕಾನ ಮಗ ಎಂದು ಆಡಿಸುತ್ತಿದ್ದರು. ಆ ಕಾಕಾನ ಮಗನಿಗೆ ಕನ್ನಡವೇ ಬರುತ್ತಿರಲಿಲ್ಲ. ಇದರಿಂದ ಬೇಸತ್ತ ಕಮಿಟಿಯವರು, ಇನ್ನು ಮುಂದೆ ಹೊರಗಿನವರನ್ನು ತರುವಂತಿಲ್ಲ, ಬೇಕಿದ್ದರೆ ಆಡುವ ಊರುಗಳೇ ತಮ್ಮತಮ್ಮಲ್ಲಿ ಒಪ್ಪಿಕೊಂಡು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲಿ ಎಂದು ನಿಯಮ ಮಾಡಿದರು. ಜನ ಅದಕ್ಕೆ ಅದಲು ಬದಲು ಎನ್ನಲಿಲ್ಲ, ಸಾಟಿ ಎಂದರು.

ನಮ್ಮ ಮನೆಯವರ ಹೆಸರು ಸಂಗಪ್ಪ. ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದು ಅವರ ಉದ್ಯೋಗ. ಕಬಡ್ಡಿಯಲ್ಲಿ ಅವರದು ಎಡಮೂಲೆ. ಎದುರು ತಂಡದವನು ಕಬಡ್ಡಿ ಕಬಡ್ಡಿ ಎನ್ನುತ್ತ ದಾಳಿಗೆ ಬಂದಾಗ ಗಬಕ್ಕನೆ ಬಗ್ಗಿ ಅವನ ಕಾಲು ಹಿಡಿದು ಕೆಡಹುವುದು ಅವರ ಕೆಲಸ. ಹರೆಯದಲ್ಲಿ ಅವರು ಹಿಡಿದ ಕಾಲನ್ನು ಬಿಡಿಸಿಕೊಂಡು ಹೋದವರು ಕಡಿಮೆ. ಕಾಲು ಹಿಡಿದೇ ಮುಂದೆ ಬಂದ ಮನುಷ್ಯ ಎಂದು ನಾನು ಅವರನ್ನು ಬಂದವರ ಮುಂದೆಲ್ಲ ಕಾಡುತ್ತಿದ್ದೆ. ನಲವತ್ತು ದಾಟಿದ ಮೇಲೂ ಆಲಮೇಲದ ತಂಡದಲ್ಲಿ ಅವರ ಜಾಗ ಅವರಿಗೇ ಇತ್ತು. ಮೊಳಕಾಲಿಗೆ ಎಣ್ಣೆ ತಿಕ್ಕುವ ಕೆಲಸ ನನಗಿತ್ತು.

ಒಂದು ದಿನ ಮಧ್ಯಾಹ್ನ ಆಲಮೇಲ ತಂಡದ ಕ್ಯಾಪ್ಟನ್ ಈರಣ್ಣ ನನ್ನ ಅಂಗಡಿಗೆ ಬಂದ. ಅವನಿಗೆ ಆಟ ಕಲಿಸಿದವರು ನಮ್ಮ ಮನೆಯವರೇ. ಕೈಯಲ್ಲಿ ಅವರ ಬನಿಯನ್ ಇತ್ತು.

“ಅಕ್ಕಾರ, ಇದರ ಮ್ಯಾಲಿನ ಊರ ಹೆಸರ ಬಿಚ್ಚಬೇಕಾಗಿತ್ರಿ.”

“ಯಾಕೋ, ಅಕ್ಷರ ತಪ್ಪ್ಯಾವೇನು?”

“ಇಲ್ರಿ. ಅಣ್ಣಾರನ್ನ ಸಾಟಿ ಮಾಡೇವ್ರಿ.”

ಮಷಿನ್ ತುಳಿಯುತ್ತಿದ್ದ ನನ್ನ ಕಾಲು ನಿಂತುಬಿಟ್ಟಿತು. “ಯಾರ ಕೂಡ?”

“ನಿಮ್ಮ ತವರೂರಿನವರ ಕೂಡರಿ. ದೇವಣಗಾಂವದಾಗಿಂದ ಎರಡ ಹುಡುಗರ ಇಲ್ಲಿ ಬರ್ತಾರ, ಅಣ್ಣಾರು ಅಲ್ಲಿ ಹೋಗ್ತಾರ.”

“ಒಬ್ಬ ಮನಶ್ಯಾಗ ಇಬ್ಬರೇನು?”

“ಹೌದ್ರಿ. ಅವರ ಅನುಭವ ದೊಡ್ಡದಲ್ರಿ.”

“ಅಷ್ಟ ದೊಡ್ಡದಿದ್ರ ನೀವ ಇಟಗೋಬೇಕಿತ್ತು.”

ಈರಣ್ಣ ಕತ್ತರಿಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ. “ಅಣ್ಣಾರ ಮೊಳಕಾಲ ನೋಡೀರಲ್ರಿ ನೀವು. ಕುಂತ್ರ ಏಳಾಕ ಗ್ವಾಡಿ ಹಿಡೀತಾರ. ನಮಗ ಮುಂದಿನ ವರ್ಷದ್ದೂ ಚಿಂತಿ ಐತ್ರಿ.”

ಮನೆಯೊಳಗೆ ನಾನು ಅವರಿಗೆ ಮುದುಕ ಎಂದರೆ ಅದು ಸಂಸಾರ. ಈರಣ್ಣ ಹಾಗೆ ಅಂದರೆ ಅದು ಅವಮಾನ. ಆ ವಾರ ಈರಣ್ಣನ ಹೆಂಡತಿಯ ಜಂಪರಿನ ತೋಳನ್ನು ನಾನು ಸ್ವಲ್ಪ ಬಿಗಿಯಾಗಿಯೇ ಹೊಲಿದೆ.

ಆ ದಿನ ಸಂಜೆ ನಮ್ಮ ಮನೆಯವರು ಬಂದಾಗ ಅವರಿಗೆ ವಿಷಯ ಆಗಲೇ ಗೊತ್ತಿತ್ತು. ಕೈಗೆ ಹತ್ತಿದ ವಾರ್ನಿಶ್ ತಿಕ್ಕಿ ತೊಳೆಯುತ್ತ ಬಹಳ ಹೊತ್ತು ಬಚ್ಚಲಲ್ಲೇ ನಿಂತರು. ಆಮೇಲೆ ಟವಲ್ಲಿನಲ್ಲಿ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಕೇಳಿದರು.

“ಅವರ ಲೆಕ್ಕದಾಗ ನಂದು ಮುಗೀತು ಅಂದಂಗಾತು. ಖರೇನ ಮುಗದೈತೇನ?”

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವವಳು ನಾನು. “ಹೋಗಿ ತೋರಸ್ರಿ ಅವರಿಗೆ” ಎಂದೆ. ಆ ವರ್ಷ ಅವರಿಗೆ ಪಂದ್ಯಾವಳಿಯ ಕಪ್ ಬೇಕಿರಲಿಲ್ಲ, ಬಹುಮಾನದ ಟಗರೂ ಬೇಕಿರಲಿಲ್ಲ. ತಮ್ಮದು ಮುಗಿದಿದೆಯೋ ಇಲ್ಲವೋ ಎಂಬುದು ಮಾತ್ರ ಬೇಕಿತ್ತು.

ನಾನು ಅಣ್ಣನಿಗೆ ಫೋನ್ ಮಾಡಿ ಜಗಳ ತೆಗೆದೆ. ತಂಗಿಯ ಗಂಡನನ್ನು ಎತ್ತಿನ ಹಾಗೆ ಹೊಡೆದುಕೊಂಡು ಹೋಗುವುದೇ ಎಂದು ಕೇಳಿದೆ.

“ನಮ್ಮೂರಾಗ ಓಡೂ ಹುಡುಗರ ರಗಡ ಅದಾರ ಶಾಂತಾ, ಹಿಡಿಯಾವ ಒಬ್ಬನೂ ಇಲ್ಲ” ಎಂದ ಅಣ್ಣ. “ಮತ್ತ ನಾ ಕೊಟ್ಟದ್ದು ಯಾರನ್ನ ಗೊತ್ತೈತೇನು? ನನ್ನ ಮಗಾ ರೇವಣಸಿದ್ದನ್ನ, ಅವನ ಗೆಳ್ಯಾ ಪರಶ್ಯಾನ್ನ. ಮಂದಿ ಹುಡುಗರ್ನಷ್ಟ ಕೊಟ್ಟ ತಂಗಿ ಗಂಡನ್ನ ತಂದಾ ಅಂದ್ರ ಊರಾಗ ನನ್ನ ನಿಂದ್ರಗೊಡ್ತಾರೇನ?”

ಹೀಗೆ ನಮ್ಮಣ್ಣ ಮಗನನ್ನು ಕೊಟ್ಟು ಮನೆಯ ಅಳಿಯನನ್ನು ತಂದ. ಜೋಳ ಕೊಟ್ಟು ಅವನು ತಂದದ್ದು ಹಣ್ಣೋ ಹುಳವೋ ಎಂದು ನೋಡಲು ಎರಡೂ ಊರು ಕಾದು ಕುಳಿತವು.

ಅಲ್ಲಿಂದ ನನ್ನ ಮನೆಯ ಸ್ಥಿತಿ ವಿಚಿತ್ರವಾಯಿತು. ನನ್ನ ಗಂಡ ತಾಲೀಮಿಗೆಂದು ನನ್ನ ತವರುಮನೆಯಲ್ಲಿ ಉಳಿದರು. ಬದಲಿಗೆ ಬಂದ ಇಬ್ಬರು ಹುಡುಗರು, ಅತ್ತಿ ಮನೆ ಇರುವಾಗ ಬೇರೆ ಕಡೆ ಯಾಕೆ ಎಂದು ನನ್ನ ಮನೆಯಲ್ಲಿ ಉಳಿದರು. ಯಾರಾದರೂ ಬಾಗಿಲಿಗೆ ಬಂದು ನಿಮ್ಮ ಮನಿಯವರು ಎಲ್ಲಿ ಎಂದು ಕೇಳಿದರೆ, “ಸಾಟಿಗೆ ಹೋಗ್ಯಾರ” ಎನ್ನುತ್ತಿದ್ದೆ. ಆ ಹುಡುಗರು ಉಣ್ಣುವುದನ್ನು ನೋಡಿದರೆ ಸಾಟಿಯಲ್ಲಿ ಮೋಸ ಹೋದವಳು ನಾನೊಬ್ಬಳೇ ಎನ್ನಿಸುತ್ತಿತ್ತು. ನಾನು ರೊಟ್ಟಿ ಬಡಿಯುವುದಕ್ಕೂ ಅವರು ಮುಗಿಸುವುದಕ್ಕೂ ಒಂದು ಪಂದ್ಯವೇ ನಡೆಯುತ್ತಿತ್ತು. ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿಸಿದ ದಿನ ನಾನು ಗೆದ್ದ ಹಾಗೆ. ಒಳ್ಳೆಯ ಹುಡುಗರು, ಅದರಲ್ಲಿ ಮಾತಿಲ್ಲ. ರೇವಣಸಿದ್ದನಂತೂ ನಮ್ಮ ಮನೆಯವರ ಮಂಚದ ಮೇಲೆ ಮಲಗಲು ಒಪ್ಪದೆ, ಮಾವನ ಜಾಗ ಎಂದು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದ.

ದೇವಣಗಾಂವದ ಕಡೆಯ ತೊಂದರೆ ಬೇರೆಯದು. ತಾನು ಮಾಡಿದ ತಪ್ಪು ಏನೆಂದು ನಮ್ಮಣ್ಣನಿಗೆ ತಾಲೀಮಿನ ಮೊದಲ ದಿನವೇ ಗೊತ್ತಾಯಿತು. ಅವನು ಆಟಗಾರನನ್ನು ತಂದೆ ಎಂದುಕೊಂಡಿದ್ದ, ಆದರೆ ಬಂದಿದ್ದವರು ಊರಿನ ಅಳಿಯ. ಅಳಿಯನಿಗೆ ಕೂಡಲು ಕುರ್ಚಿ ಬೇಕು, ಕೈಗೆ ನೀರು ಬೇಕು. ಅಳಿಯನಿಗೆ ಗದರುವಂತಿಲ್ಲ, ಆ ಕಡೆ ಹೋಗು ಈ ಕಡೆ ಬಾ ಎನ್ನುವಂತಿಲ್ಲ. ಹುಡುಗರು ಮೈದಾನದ ಅಂಚಿಗೆ ಕುರ್ಚಿ ಹಾಕಿದರು. ಧೂಳು ಏಳಬಾರದೆಂದು ಎಡಮೂಲೆಗೆ ಮಾತ್ರ ನೀರು ಹೊಡೆದರು. ಅಲ್ಲಿ ಕೆಸರಾಗಿ ಎಲ್ಲರೂ ಜಾರಿ ಬಿದ್ದರು. ಆಟದಲ್ಲಿ ಇವರು ಔಟಾದರೆ ಔಟ್ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. “ಮಾವಾರ, ಸ್ವಲ್ಪ ಹೊರಗ ಬಂದ ಚಹಾ ಕುಡೀರಿ” ಎನ್ನುತ್ತಿದ್ದರಂತೆ. ಇವರಿಗೆ ಆ ದಿನಗಳಲ್ಲಿ ಚಹಾ ಎಂದರೆ ಸಿಟ್ಟು ಬರುತ್ತಿತ್ತು. ನಮ್ಮ ಅವ್ವನೋ, ಅಳಿಯ ಬಂದಿದ್ದಾನೆಂದು ದಿನ ಬಿಟ್ಟು ದಿನ ಶೇಂಗಾ ಹೋಳಿಗೆ ಮಾಡಿ ಮೇಲೆ ತುಪ್ಪ ಸುರಿದಳು. ಆ ಬನಿಯನ್ನಿನ ಎರಡೂ ಪಕ್ಕವನ್ನು ನಾನು ಆಮೇಲೆ ಬಿಚ್ಚಿ ಅಗಲ ಮಾಡಬೇಕಾಯಿತು.

ಕಡೆಗೆ ಅಣ್ಣ ಒಂದು ದಾರಿ ಕಂಡುಹಿಡಿದ. ನನಗೆ ಫೋನ್ ಮಾಡಿದ.

“ಶಾಂತಾ, ಅಳಿಯಂದ್ರಿಗೆ ಸ್ವಲ್ಪ ಹೇಳು. ಮೂಲಿ ಬಿಟ್ಟ ಭಾಳ ಮುಂದ ಬರಾಕತ್ತಾರ.”

“ನೀನ ಹೇಳಬಾರದೇನ? ನಿನ್ನ ಮುಂದ ನಿಂತಾರಲ್ಲ.”

“ಹೆಂಗ ಹೇಳಲಿ? ಅಳಿಯಂದ್ರಿಗೆ ಹಿಂದ ಸರೀರಿ ಅನ್ನೂದೇನ? ಅವ್ವಗ ಗೊತ್ತಾದ್ರ ನನ್ನ ಊಟ ಬಂದ್ ಮಾಡ್ತಾಳ.”

ಸರಿ, ನಾನು ಅವರಿಗೆ ಫೋನ್ ಹಚ್ಚಿದೆ. “ನೀವು ಸ್ವಲ್ಪ ಹಿಂದ ನಿಂದ್ರಬೇಕಂತ.”

“ಯಾರಂದ್ರು?”

“ನಾನ ಅಂದ್ನಿ.”

“ನಿನಗೇನ ಗೊತ್ತ ಕಬಡ್ಡಿ?”

“ಇಷ್ಟ ವರ್ಷ ನಿಮ್ಮ ಜೋಡಿ ಸಂಸಾರ ಮಾಡೇನಿ. ಎಲ್ಲಿ ಹಿಡೀಬೇಕು ಎಲ್ಲಿ ಬಿಡಬೇಕು ಅನ್ನೂದು ನನಗ ಗೊತ್ತಾಗೂದಿಲ್ಲೇನು?”

ಹೀಗೆ ಆಲಮೇಲದ ನನ್ನ ಹೊಲಿಗೆ ಅಂಗಡಿಯಿಂದ ದೇವಣಗಾಂವದ ಎಡಮೂಲೆ ನಡೆಯತೊಡಗಿತು. ನಾನು ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಎಡಗಾಲು ಮುಂದೆ ಇಡಿ, ಮೊಳಕಾಲು ಊರಬೇಡಿ ಎಂದು ಹೇಳುವುದನ್ನು ಕೇಳಿ, ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಗಾಬರಿಯಾಗುತ್ತಿದ್ದರು. ಸಂಜೆ ಅದೇ ಬಾಯಿಯಿಂದ ಎದುರು ತಂಡದ ಇಬ್ಬರು ಹುಡುಗರಿಗೆ ಇನ್ನೊಂದು ರೊಟ್ಟಿ ಹಾಕಿಕೊಳ್ಳಿ ಎನ್ನುತ್ತಿದ್ದೆ.

ಪಂದ್ಯಾವಳಿ ಶುರುವಾದ ಮೇಲೆ ಅಣ್ಣನ ಫೋನಿನ ದನಿ ಬದಲಾಯಿತು. ಅಳಿಯಂದಿರು ದೇವರ ಹಿಪ್ಪರಗಿ ತಂಡದ ಮೇಲಿನ ಆಟದಲ್ಲಿ ಒಬ್ಬನನ್ನು ಹಿಡಿದರು, ಹಿಡಿದದ್ದು ಒಬ್ಬನನ್ನೇ ಆದರೂ ಸರಿಯಾದ ಹೊತ್ತಿಗೆ ಹಿಡಿದರು, ಎಂದು ಹಿಗ್ಗಿ ಹೇಳಿದ. ಇತ್ತ ರೇವಣಸಿದ್ದ ಆಲಮೇಲಕ್ಕೆ ಪಾಯಿಂಟ್ ಮೇಲೆ ಪಾಯಿಂಟ್ ತಂದ. ಈರಣ್ಣ ನನ್ನ ಅಂಗಡಿ ಮುಂದೆ ಹೋಗುವಾಗ ಎದೆ ಉಬ್ಬಿಸಿ ನಡೆಯುತ್ತಿದ್ದ. ಕೊನೆಗೆ ಏನಾಗಬಾರದೆಂದು ನಾನು ಮನೆದೇವರಿಗೆ ಕಾಯಿ ಒಡೆಸಿದ್ದೆನೋ ಅದೇ ಆಯಿತು. ಫೈನಲ್ಲಿಗೆ ಬಂದದ್ದು ಆಲಮೇಲ ಮತ್ತು ದೇವಣಗಾಂವ.

ಸಿಂದಗಿಯ ಮೈದಾನದಲ್ಲಿ ನಾನು ಎಲ್ಲಿ ಕೂಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಈ ಕಡೆ ಗಂಡನ ಊರಿನ ಹೆಂಗಸರು, ಆ ಕಡೆ ತವರಿನ ಹೆಂಗಸರು. ಗಂಡನ ಊರಿನವರ ಜೊತೆ ಕೂತರೆ ಗಂಡನ ವಿರುದ್ಧ ಚಪ್ಪಾಳೆ ಹೊಡೆಯಬೇಕು. ತವರಿನವರ ಜೊತೆ ಕೂತರೆ ಅಣ್ಣನ ಮಗನ ವಿರುದ್ಧ ಕೂಗಬೇಕು. ನಾನು ಇಬ್ಬರ ನಡುವೆ ಸೋಡಾ ಮಾರುವವನ ಗಾಡಿಯ ಪಕ್ಕದಲ್ಲಿ ನಿಂತೆ. ಯಾರು ಪಾಯಿಂಟ್ ತಂದರೂ ಚಪ್ಪಾಳೆ ಹೊಡೆದೆ. ಎರಡೂ ಕಡೆಯವರು ನನ್ನನ್ನು ದುರುಗುಟ್ಟಿ ನೋಡಿದರು.

ಆಟ ಕೊನೆಗೆ ಬಂದಾಗ ಎರಡೂ ತಂಡ ಸಮಸಮ. ಉಳಿದದ್ದು ಆಲಮೇಲದ ಒಂದೇ ದಾಳಿ. ಈರಣ್ಣ ರೇವಣಸಿದ್ದನ ಬೆನ್ನು ತಟ್ಟಿ ಕಳಿಸಿದ. ಅವನು ಯಾರನ್ನಾದರೂ ಮುಟ್ಟಿ ಗೆರೆಗೆ ಮರಳಿದರೆ ಆಲಮೇಲ ಗೆದ್ದಂತೆ, ಸಿಕ್ಕಿಬಿದ್ದರೆ ದೇವಣಗಾಂವ. ಹುಡುಗ ಕಬಡ್ಡಿ ಕಬಡ್ಡಿ ಎನ್ನುತ್ತ ಬಲಕ್ಕೆ ಹೋದ, ನಡುವೆ ಬಂದ, ಆಮೇಲೆ ನೇರ ಎಡಮೂಲೆಗೆ ನುಗ್ಗಿದ. ಮುದುಕರನ್ನು ಮುಟ್ಟುವುದು ಸುಲಭ ಎಂದು ಈರಣ್ಣನೇ ಹೇಳಿ ಕಳಿಸಿದ್ದನಂತೆ. ಇವರು ಬಗ್ಗಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಯಾರಿಗಾಗಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಇವರ ಎರಡೂ ಕೈ ಹುಡುಗನ ಪಾದಕ್ಕೆ ಬಿದ್ದವು.

ಆ ಪಾದ ಯಾರದು ನೋಡಿ. ಅಣ್ಣನ ಮಗನದು. ಮುಟ್ಟಿದವರು ಸೋದರತ್ತೆಯ ಗಂಡ, ಊರಿನ ಅಳಿಯ, ಹಬ್ಬಕ್ಕೆ ಬಂದರೆ ಮನೆಯವರು ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ಮನುಷ್ಯ. ಹುಡುಗನಿಗೆ ಆಟ ಮರೆತುಹೋಯಿತು.

“ಶಿವಶಿವಾ, ಕಾಲ ಮುಟ್ಟಬ್ಯಾಡ್ರಿ ಮಾವಾ,” ಎಂದುಬಿಟ್ಟ.

ಪೀ ಎಂದು ಸೀಟಿ ಕೇಳಿತು. ಕಬಡ್ಡಿ ಎನ್ನುವುದನ್ನು ನಡುವೆ ಬಿಟ್ಟರೆ ದಮ್ಮು ಮುರಿದಂತೆ, ಔಟ್. ದೇವಣಗಾಂವ ಗೆದ್ದಿತ್ತು. ಈರಣ್ಣ ಓಡಿ ಬಂದು, ಮೂಲೆಯಲ್ಲಿ ಬೀಗರನ್ನು ನಿಲ್ಲಿಸಿದ್ದೇ ಮೋಸ ಎಂದು ವಾದಕ್ಕೆ ಬಿದ್ದ. ಅಂಪೈರ್ ಇಂಡಿ ತಾಲೂಕಿನ ಕಡೆಯ ಒಬ್ಬ ಪಿ.ಟಿ. ಮಾಸ್ತರರು, ಯಾರ ಸಂಬಂಧವೂ ಗೊತ್ತಿಲ್ಲದ ಮನುಷ್ಯ.

“ಮಾವ ಅಂದ್ರೂ ದಮ್ಮು ಮುರದಂಗ, ಅಪ್ಪ ಅಂದ್ರೂ ಮುರದಂಗ. ನಡೀರಿ,” ಎಂದರು.

ತವರಿನವರು ಇವರನ್ನು ಹೆಗಲ ಮೇಲೆ ಹೊತ್ತರು. ಅಣ್ಣನ ಕಣ್ಣಲ್ಲಿ ನೀರಿತ್ತು. ಸಾಟಿಯಲ್ಲಿ ಕೆಟ್ಟ ಎಂದವರೆಲ್ಲ ಅವನ ಸುತ್ತ ನಿಂತಿದ್ದರು. ಮೆರವಣಿಗೆಗೆ ಬನ್ನಿ ಎಂದು ಎಲ್ಲರೂ ಜಗ್ಗಿದರೂ ಇವರು ಮೊಳಕಾಲು ನೋವು ಎಂದು ಹೇಳಿ ಆಲಮೇಲದ ಬಸ್ ಹತ್ತಿದರು. ಚೀಲ ತೆಗೆದುಕೊಳ್ಳಬೇಕೆಂದು ಆ ಇಬ್ಬರು ಹುಡುಗರೂ ನಮ್ಮ ಜೊತೆ ಬಂದರು. ಗೆದ್ದವರು, ಸೋತವರು, ಇಬ್ಬರಿಗೂ ಅಡುಗೆ ಮಾಡಬೇಕಾದವಳು ಒಂದೇ ಬಸ್ಸಿನಲ್ಲಿ ಕೂತಿದ್ದೆವು.

ಮನೆಯಲ್ಲಿ ಊಟಕ್ಕೆ ಕೂತರೆ ರೇವಣಸಿದ್ದ ರೊಟ್ಟಿ ಮುರಿಯಲಿಲ್ಲ. ನನ್ನ ಬುಟ್ಟಿಯಲ್ಲಿ ರೊಟ್ಟಿ ಉಳಿದದ್ದಕ್ಕೆ ನನಗೆ ದುಃಖವಾದದ್ದು ಅದೇ ಮೊದಲು.

“ಅತ್ತಿ, ಮಾವನ ಕೈ ಹತ್ತಿದ ಕೂಡ್ಲೆ ಬಾಯಿ ತಾನ ತೆರೀತು. ಊರ ಮಂದಿ ನನಗ ಹುಚ್ಚ ಅನ್ನಾಕತ್ತಾರ” ಎಂದ.

ಇವರು ತಮ್ಮ ತಾಟು ಸ್ವಲ್ಪ ಸರಿಸಿದರು. “ಉಣ್ಣಪಾ ನೀನು. ನಿನ್ನ ಬಲಗಾಲ ನನ್ನ ಕೈಗೆ ಸಿಕ್ಕಿದ್ದು ಖರೇ. ಆದ್ರ ಹಿಡತ ನಿಂದ್ರಲಿಲ್ಲ. ಬೆರಳಾಗ ಕಸುವ ಇರಲಿಲ್ಲ, ಜಾರಾಕತ್ತಿತ್ತು. ನೀ ಸುಮ್ನ ಕಬಡ್ಡಿ ಅಂದಿದ್ರ ಬಿಡಿಸಿಕೊಂಡ ಗೆರಿ ಮುಟ್ತಿದ್ದಿ. ಗೆದ್ದದ್ದು ನಾ ಅಲ್ಲ, ನಿನ್ನ ಮರ್ಯಾದಿ.” ಆಮೇಲೆ ನನ್ನ ಕಡೆ ತಿರುಗಿ, ಉಪ್ಪು ಕೇಳುವ ದನಿಯಲ್ಲಿ ಹೇಳಿದರು. “ಈರಣ್ಣಂದೇನೂ ತಪ್ಪಿಲ್ಲ ಬಿಡು. ನಂದು ಮುಗದೈತಿ.”

ನನಗೆ ಅಳು ಬಂತು. ಒಲೆಯ ಹೊಗೆ ಎನ್ನಲು ನಮ್ಮಲ್ಲಿ ಈಗ ಗ್ಯಾಸ್. ಎದ್ದು ಹೋಗಿ ಸುಮ್ಮನೆ ಪಲ್ಯದ ಪಾತ್ರೆ ತಂದೆ.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಈರಣ್ಣ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಆಲಮೇಲ ತಂಡದ ಅರ್ಧದಷ್ಟು ಹುಡುಗರಿದ್ದರು.

“ಅಣ್ಣಾರ, ತಪ್ಪಾತ್ರಿ. ಈ ಇಬ್ಬರನ್ನ ವಾಪಸ್ ಕಳಸ್ತೇವಿ, ನೀವ ನಮ್ಮ ಕಡೆ ಬಂದಬಿಡ್ರಿ. ಇವತ್ತಿನ ನಿಮ್ಮ ಹಿಡತ ನೋಡಿದ ಮ್ಯಾಲೆ, ಇಂಥಾ ಮನಶ್ಯಾನ್ನ ಬಿಟ್ಟ ಕೊಟ್ಟಿ ಅಂತ ಊರ ಮಂದಿ ನನಗ ಬಾಯಿಗೆ ಬಂದಂಗ ಬೈಯಾಕತ್ತಾರ.”

ಇವರು ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. “ಒಳಗ ಬಾ ಈರಣ್ಣಾ, ಕುಂದರು. ಖರೇ ಹೇಳಬೇಕಂದ್ರ ಆ ಹಿಡತ...”

“ಏನ ಹಿಡತರಿ ಅದು,” ಎಂದು ರೇವಣಸಿದ್ದ ತಾಟು ಹಿಡಿದು ಎದ್ದೇಬಿಟ್ಟ. “ಉಡಾ ಹಿಡದಂಗ ಹಿಡದ್ರು ಮಾವಾರು. ಇನ್ನೂ ಕಾಲ ಊರಾಕ ಬರವಲ್ದು ನೋಡ್ರಿ. ಅದರಾಗಿಂದ ಬಿಡಿಸಿಕೊಂಡ ಹೋಗೂದು ಯಾರಿಂದ ಆಕ್ಕೈತ್ರಿ?”

ಎಂದವನು ಎಲ್ಲರ ಮುಂದೆ ಕುಂಟುತ್ತ ಕುಂಟುತ್ತ ಬಚ್ಚಲಿಗೆ ಕೈ ತೊಳೆಯಲು ಹೋದ. ಈರಣ್ಣ ಆ ಕಾಲನ್ನೇ ನೋಡಿ, ಪಾಪ, ಎಂದು ಲೊಚಗುಟ್ಟಿದ. ಅವನ ಹಿಂದಿನ ಹುಡುಗರು ನಮ್ಮ ಮನೆಯವರ ಕೈಗಳ ಕಡೆ ಭಯಭಕ್ತಿಯಿಂದ ನೋಡಿದರು. ಇವರ ಅರ್ಧ ಮಾತು ಬಾಯಲ್ಲೇ ಉಳಿಯಿತು. ಒಮ್ಮೆ ಬಚ್ಚಲ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದರು.

ಹುಡುಗ ಕುಂಟುತ್ತಿದ್ದುದು ಎಡಗಾಲು.